ಹೂಜಿ ಗಿಡ ಸೊಳ್ಳೆಬತ್ತಿಯಲ್ಲ

ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ, ಎಲೆತುದಿಯ ಹೂಜಿಯಲ್ಲಿ ಹುಳ ಹಿಡಿದು ಅರಗಿಸಿಕೊಳ್ಳುವ ನೆಪೆಂಥಿಸ್ ಎಂಬ ಹೂಜಿ ಗಿಡದ ಚಿತ್ರ ಹಾಕಿ, ಕಿಟಕಿಯಲ್ಲಿಟ್ಟರೆ ಸೊಳ್ಳೆಕಾಟ ತಪ್ಪುತ್ತದೆ ಎಂದು ಬರೆದಿದ್ದೀರಿ. ಏಳು ವರ್ಷಗಳಿಂದ ಈ ಗಿಡ ಸಾಕುತ್ತಿದ್ದೇನೆ. ನಮ್ಮ ಮನೆಯ ಸೊಳ್ಳೆಪರದೆಗೆ ಇನ್ನೂ ಬಿಡುವು ಸಿಕ್ಕಿಲ್ಲ. ಒಣಗಿದ ಹೂಜಿಯನ್ನು ಸೀಳಿದಾಗಲೆಲ್ಲ ಕಾಣುವುದು ಇರುವೆಗಳ ಕಪ್ಪು ಗಸಿ. ಆಗ್ನೇಯ ಏಷ್ಯಾದ ಕಾಡುಗಳಲ್ಲಂತೂ ಕೆಲವು ಸೊಳ್ಳೆಗಳು ಇದರ ಹೂಜಿಯೊಳಗೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ!

ಇಂಥ ಮಾತು ನಂಬಿಯೇ ನಾನೂ ಮೊದಲ ಗಿಡ ಕೊಂಡದ್ದು. ನಮ್ಮದು ತುಮಕೂರು. ಹಂಡೆಯ ತಳಕ್ಕೆ ಸುಣ್ಣ ಕಟ್ಟುವ ಕೊಳವೆಬಾವಿ ನೀರನ್ನೇ ಎರೆದೆ. ಸೊರಗಿತೆಂದು ನನ್ನಾಕೆ ಬುಡಕ್ಕೆ ಹಿಡಿ ಸಗಣಿಗೊಬ್ಬರ ಹಾಕಿದಳು. ಮೂರು ತಿಂಗಳಲ್ಲಿ ಗಿಡ ಹೋಯಿತು. ಸಾರವಿಲ್ಲದ ನೆಲದಲ್ಲಿ ಬದುಕಲೆಂದೇ ಹುಳ ಹಿಡಿಯುವುದನ್ನು ಕಲಿತ ಗಿಡಕ್ಕೆ ನಾವು ಬಡಿಸಿದ್ದು ಸುಣ್ಣ, ಗೊಬ್ಬರದ ಔತಣ; ಅದೇ ವಿಷವಾಯಿತು. ಈಗ ತಾರಸಿಯ ಡ್ರಮ್ಮಿನಲ್ಲಿ ಹಿಡಿದ ಮಳೆನೀರು, ಅದು ಮುಗಿದರೆ ಆರ್‌ಓ ಯಂತ್ರದ ಕುಡಿಯುವ ನೀರು. ಮಣ್ಣಿನ ಬದಲು ಸ್ಫ್ಯಾಗ್ನಮ್ ಎಂಬ ಪಾಚಿ ಮತ್ತು ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲುಹರಳು. ಗೊಬ್ಬರದ ಚೀಲ ಹತ್ತಿರ ಸುಳಿಯುವಂತಿಲ್ಲ.

ನಡುವೆ ಆನ್‌ಲೈನಿನಲ್ಲಿ ಬೀಜವನ್ನೂ ತರಿಸಿದ್ದೆ. ಹೂಜಿ ಗಿಡದ ಬೀಜ ಕೂದಲೆಳೆಯಂತಿರುತ್ತದೆ. ಬಂದದ್ದು ಮಿರಮಿರನೆ ಮಿನುಗುವ ಕರಿಕಾಳು. ಮೊಳೆತದ್ದು ಹರಿವೆ. ಒಂದು ಹೊತ್ತಿನ ಹುಳಿಗಾಯಿತು.

ಹೊಸಬರು ಕೊಳ್ಳುವುದಾದರೆ ಬೇರೂರಿದ 'ವೆಂಟ್ರಾಟಾ' ಎಂಬ ಮಿಶ್ರತಳಿಯ ಗಿಡ ಕೊಳ್ಳಲಿ, ನಮ್ಮ ಹವೆಗೆ ಬೇಗ ಒಗ್ಗುತ್ತದೆ. 'ನಮ್ಮ ದೇಶದ್ದೇ' ಎಂದು ಯಾರಾದರೂ ನೆಪೆಂಥಿಸ್ ಖಾಸಿಯಾನಾ ಮಾರಲು ಬಂದರೆ ಪರವಾನಗಿ ಕೇಳಲಿ. ಭಾರತದ ಏಕೈಕ ನೆಪೆಂಥಿಸ್ ಅದು. ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳೇ ಅದರ ನೆಲೆ, ಅಳಿವಿನಂಚಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಅದನ್ನು ಯಾರೋ ಕಾಡಿನಿಂದ ಕಿತ್ತು ತಂದು ನಮ್ಮ ಕಿಟಕಿಗೆ ಅಲಂಕಾರ ಮಾಡಬೇಕಾಗಿಲ್ಲ.

ಮುಂದಿನ ವಾರದ ಪುರವಣಿಯಲ್ಲಿ ದಯವಿಟ್ಟು ತಿದ್ದುಪಡಿ ಹಾಕಿ. ಸೊಳ್ಳೆಯ ಮಾತು ತೆಗೆದು ಆ ಜಾಗದಲ್ಲಿ ಮಳೆನೀರು ಎಂದು ಬರೆದರೂ ಸಾಕು.

– ನಿವೃತ್ತ ಶಿಕ್ಷಕ, ತುಮಕೂರು