ರಮಾಜ್ ಶೆಂಗೆಲಿಯಾ ಕುರಿತು ಬರೆಯುತ್ತಿರುವ ಯುವ ಲೇಖಕರಿಗೆ

ಪ್ರಿಯರೆ,

ಸೋವಿಯತ್ ಕಾಲದ ಜಾರ್ಜಿಯಾದ ಫುಟ್‌ಬಾಲ್ ಆಟಗಾರ ರಮಾಜ್ ಶೆಂಗೆಲಿಯಾ ಅವರನ್ನು ಕುರಿತ ನಿಮ್ಮ ಲೇಖನದ ಕರಡನ್ನು ಗಮನವಿಟ್ಟು ಓದಿದೆ. ವಿಷಯ ಸಂಗ್ರಹಿಸುವಲ್ಲಿ ನೀವು ಪಟ್ಟ ಶ್ರಮ ಎದ್ದು ಕಾಣುತ್ತದೆ. ಆದರೆ ಮೊದಲ ಪುಟದಲ್ಲಿ ಆಟಗಾರ ಎಲ್ಲಿಯೂ ಕಾಣಿಸುವುದಿಲ್ಲ. 1957ರಲ್ಲಿ ಕುತೈಸಿಯಲ್ಲಿ ಜನನ, ಅಲ್ಲಿನ ಟಾರ್ಪಿಡೊ ತಂಡ, ಬಳಿಕ ಜಾರ್ಜಿಯಾದ ರಾಜಧಾನಿಯ ಡೈನಮೊ ಟ್ಬಿಲಿಸಿ, 1978 ಮತ್ತು 1981ರಲ್ಲಿ ಸೋವಿಯತ್ ಒಕ್ಕೂಟದ ವರ್ಷದ ಆಟಗಾರ: ಇವೆಲ್ಲ ನಿಜವೇ ಆದರೂ, ಈ ಪಟ್ಟಿಯನ್ನು ಓದಿದವರಿಗೆ ಆತ ಚೆಂಡಿನೊಡನೆ ಏನು ಮಾಡುತ್ತಿದ್ದ ಎಂಬುದು ತಿಳಿಯುವುದಿಲ್ಲ.

ಸ್ಕಾಟ್ಲೆಂಡ್ ವಿರುದ್ಧದ ಗೋಲನ್ನು ನೀವು ‘ಮಾಂತ್ರಿಕ’ ಎಂದು ಕರೆದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನಾನಾಗಿದ್ದರೆ ಅಲ್ಲಿಯೇ ಒಂದು ಪುಟ ನಿಲ್ಲುತ್ತಿದ್ದೆ. 1982ರ ವಿಶ್ವಕಪ್, ಸ್ಪೇನಿನ ಮಲಗ ನಗರ, ಜೂನ್ 22. ಸ್ಕೋರು 1-1, ಮುಂದಿನ ಸುತ್ತಿಗೆ ಹೋಗಲು ಸೋವಿಯತ್ ತಂಡಕ್ಕೆ ಡ್ರಾ ಸಾಕು, ಸ್ಕಾಟ್ಲೆಂಡಿಗೆ ಗೆಲುವೇ ಬೇಕು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅಂಚಿನ ಗೆರೆಯ ಬಳಿ ಒಂದೇ ಚೆಂಡಿಗಾಗಿ ಓಡಿದ ಸ್ಕಾಟ್ಲೆಂಡಿನ ರಕ್ಷಣಾ ಆಟಗಾರರಾದ ಅಲನ್ ಹ್ಯಾನ್ಸೆನ್ ಮತ್ತು ವಿಲ್ಲಿ ಮಿಲ್ಲರ್ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಪಕ್ಕದಲ್ಲಿದ್ದ ಶೆಂಗೆಲಿಯಾ ಚೆಂಡನ್ನು ತಮ್ಮ ಕಾಲಿಗೆ ತೆಗೆದುಕೊಂಡು ಓಡಿದರು. ಎದುರಿಗೆ ಉಳಿದವರು ಗೋಲ್‌ಕೀಪರ್ ಅಲನ್ ರಫ್ ಒಬ್ಬರೇ. ಇದರಲ್ಲಿ ಮಾಂತ್ರಿಕವಾದದ್ದು ಏನೂ ಇಲ್ಲ. ಎದುರಾಳಿಯ ಕಾಲು ತಪ್ಪುವ ಗಳಿಗೆಗಾಗಿ ಹೊಂಚು ಹಾಕಿ ಕೂರುವುದು, ಆ ಗಳಿಗೆ ಬಂದಾಗ ಮೊದಲ ಹೆಜ್ಜೆ ತನ್ನದಾಗಿರುವಂತೆ ನೋಡಿಕೊಳ್ಳುವುದು ಮುನ್ಪಡೆ ಆಟಗಾರನ ಕಸುಬು. ಅದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಗೋಲು ನಿಮಗೆ ಬೇರೆ ಸಿಗಲಾರದು. ಎರಡು ನಿಮಿಷಗಳಲ್ಲೇ ಸ್ಕಾಟ್ಲೆಂಡಿನ ಸೂನೆಸ್ ಸ್ಕೋರನ್ನು ಸಮ ಮಾಡಿದರು ಎಂಬುದನ್ನೂ ಬಿಡಬೇಡಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. 1981ರಲ್ಲಿ ಯುರೋಪಿನ ಕ್ಲಬ್ಬುಗಳ ಕಪ್ ವಿನ್ನರ್ಸ್ ಕಪ್ಪಿನ ಪಯಣದಲ್ಲಿ ಡೈನಮೊ ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು 4-1ರಿಂದ ಸೋಲಿಸಿದ ಪಂದ್ಯವನ್ನು, ಅದರಲ್ಲಿ ಶೆಂಗೆಲಿಯಾ ಹೊಡೆದ ಎರಡು ಗೋಲುಗಳನ್ನು ವಿವರವಾಗಿ ಬರೆದ ನೀವು, ಡಸೆಲ್‌ಡಾರ್ಫಿನ ಫೈನಲ್ ಪಂದ್ಯವನ್ನು ‘ಕಪ್ ಗೆದ್ದರು’ ಎಂದಷ್ಟೇ ಹೇಳಿ ದಾಟಿದ್ದೀರಿ. ಕಾರಣ ಊಹಿಸಬಲ್ಲೆ: ಅಂದು ಪೂರ್ವ ಜರ್ಮನಿಯ ಕಾರ್ಲ್ ಝೈಸ್ ಯೆನಾ ತಂಡದ ವಿರುದ್ಧ ಗೋಲು ಹೊಡೆದವರು ಗುತ್ಸಾಯೆವ್ ಮತ್ತು ದರಾಸೆಲಿಯಾ. ನಿಮ್ಮ ನಾಯಕ ಗೋಲು ಹೊಡೆಯದ ಪಂದ್ಯವೂ ಅವನ ಬದುಕಿನ ಪಂದ್ಯವೇ ಅಲ್ಲವೇ? ಹಾಗೆಯೇ ಡೈನಮೊದ ಸಹ ಆಟಗಾರ ಡೇವಿಡ್ ಕಿಪಿಯಾನಿ ಅವರಿಗೆ ನೀವು ಕೊಟ್ಟಿರುವ ಜಾಗ ತೀರಾ ಕಡಿಮೆ. ಆ ತಂಡದ ದಾಳಿಯನ್ನು ಹಿಂದೆ ನಿಂತು ನಡೆಸುತ್ತಿದ್ದವರು ಅವರು. ಅದೇ 1981ರಲ್ಲಿ ಕಾಲು ಮುರಿದುಕೊಂಡು ವಿಶ್ವಕಪ್ಪಿನಿಂದ ಹೊರಗುಳಿದರು. ಶೆಂಗೆಲಿಯಾ ಸ್ಪೇನಿಗೆ ಹೋದದ್ದು ಆ ಆಸರೆಯಿಲ್ಲದೆ.

ರಾಜಕೀಯದ ವಿಚಾರ. 1978ರ ಏಪ್ರಿಲ್ 14ರಂದು ಜಾರ್ಜಿಯನ್ ಭಾಷೆಯ ಸಾಂವಿಧಾನಿಕ ಸ್ಥಾನಕ್ಕಾಗಿ ಟ್ಬಿಲಿಸಿಯ ಜನ ಬೀದಿಗಿಳಿದರು. ಅದೇ ವರ್ಷ ಡೈನಮೊ ಸೋವಿಯತ್ ಚಾಂಪಿಯನ್ ಆಯಿತು. ನೀವು ಈ ಎರಡರ ನಡುವೆ ‘ಆದ್ದರಿಂದಲೇ’ ಎಂಬ ಪದ ಹಾಕಿದ್ದೀರಿ, ದಯವಿಟ್ಟು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ಓದುಗರು ದಡ್ಡರಲ್ಲ. ಮಾಸ್ಕೋ ಮತ್ತು ಗಣರಾಜ್ಯಗಳ ನಡುವಿನ ಎಳೆದಾಟವನ್ನು ತೋರಿಸಲೇಬೇಕೆಂದಿದ್ದರೆ ಅದಕ್ಕೆ ಫುಟ್‌ಬಾಲಿನೊಳಗಿನ ಉದಾಹರಣೆಯೇ ಇದೆ: 1982ರ ಸೋವಿಯತ್ ತಂಡಕ್ಕೆ ಮಾಸ್ಕೋದಿಂದ ಬೆಸ್ಕೊವ್, ಕೀವ್‌ನಿಂದ ಲೊಬನೊವ್‌ಸ್ಕಿ, ಟ್ಬಿಲಿಸಿಯಿಂದ ಅಖಲ್ಕಾತ್ಸಿ ಎಂದು ಮೂವರು ತರಬೇತುದಾರರಿದ್ದರು. (ಮೂವರು ಅಡುಗೆಯವರಿದ್ದ ಮನೆಯ ಸಾರಿನ ರುಚಿಯನ್ನು ನಾನು ಹೇಳಬೇಕಾಗಿಲ್ಲ.)

ಕೊನೆಯ ಎರಡು ಪುಟಗಳನ್ನು ಕತ್ತರಿಸಬಹುದು. ‘ಇಟಲಿಯಲ್ಲೋ ಸ್ಪೇನಿನಲ್ಲೋ ಆಡಿದ್ದರೆ’ ಎಂಬ ಹಳಹಳಿಕೆ ಆಟಗಾರನಿಗಿಂತ ನಿಮ್ಮ ಕುರಿತೇ ಹೆಚ್ಚು ಹೇಳುತ್ತದೆ. ಅವರ ಉತ್ತುಂಗದ ವರ್ಷಗಳಲ್ಲಿ ಸೋವಿಯತ್ ಆಟಗಾರರಿಗೆ ವಿದೇಶಿ ಕ್ಲಬ್ಬುಗಳ ಬಾಗಿಲು ತೆರೆದಿರಲಿಲ್ಲ; ಅದು ತೆರೆಯತೊಡಗಿದಾಗ ಮೂವತ್ತು ದಾಟಿದ್ದ ಅವರು ಸ್ವೀಡನ್ನಿನ ಒಂದು ಸಣ್ಣ ಕ್ಲಬ್ಬಿಗೆ ಹೋದರು. 2012ರಲ್ಲಿ ತೀರಿಕೊಂಡರು, ಐವತ್ತೈದನೆಯ ವಯಸ್ಸಿನಲ್ಲಿ. ಇಷ್ಟನ್ನು ವಿಶೇಷಣಗಳಿಲ್ಲದೆ ಬರೆದು, ತಿದ್ದಿದ ಪ್ರತಿಯನ್ನು ಕಳುಹಿಸಿ. ಮಲಗದ ಪುಟವನ್ನು ಮೊದಲು ಓದುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ