ಬಲಗಡೆ ಸೀಟಿನಲ್ಲಿ ಕೂರುವ ಮೊದಲು

ವಿಚಿಟಾ, ಕಾನ್ಸಾಸ್

ಪ್ರೀತಿಯ ಪುಟ್ಟಿ,

ನೀನು ಫ್ಲೈಟ್ ಇನ್‌ಸ್ಟ್ರಕ್ಟರ್ ಆದೆ ಅಂತ ನಿನ್ನಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ಫೀನಿಕ್ಸ್‌ನಲ್ಲಿ ನಮ್ಮ ಕಡೆಯ ಡೆಂಟಿಸ್ಟ್ ಒಬ್ಬರು ಸೆಸ್ನಾ 172 ಅನ್ನೋ ಸಣ್ಣ ವಿಮಾನ ಕೊಂಡಿದ್ದಾರಂತೆ, ಅದರಲ್ಲೇ ಅವರಿಗೆ ಹಾರಾಟ ಕಲಿಸೋಕೆ ನೀನು ಒಪ್ಪಿದ್ದೀಯಂತೆ. ಒಳ್ಳೆಯದೇ. ಆದರೆ ಇನ್‌ಸ್ಟ್ರಕ್ಟರ್ ಕೂರುವ ಬಲಗಡೆ ಸೀಟಿನಲ್ಲಿ ಮೊದಲ ಪಾಠಕ್ಕೆ ಕೂರುವ ಮುಂಚೆ ಈ ಪತ್ರವನ್ನು ಪೂರ್ತಿ ಓದು. ವಿಮಾನ ವಿಮೆಯ ಕ್ಲೇಮ್ ನೋಡುವುದೇ ನನ್ನ ಕೆಲಸವಾಗಿತ್ತು. ಹೊಸ ಇನ್‌ಸ್ಟ್ರಕ್ಟರ್‌ಗಳು ಎಲ್ಲಿ ಸಿಕ್ಕಿಬೀಳುತ್ತಾರೆ ಅಂತ ಚೆನ್ನಾಗಿ ಗೊತ್ತು.

"ವಿಮಾನಕ್ಕೆ ಇನ್ಶೂರೆನ್ಸ್ ಇದೆ, ನೀವೇನೂ ಯೋಚನೆ ಮಾಡಬೇಡಿ" ಅಂತ ಡಾಕ್ಟರು ಹೇಳಿರುತ್ತಾರೆ. ಸುಳ್ಳೇನಲ್ಲ. ಆದರೆ ಆ ವಿಮೆ ಅವರನ್ನು ಕಾಯೋದಕ್ಕೆ ಇರೋದು. ನಿನ್ನನ್ನೂ ಕಾಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಅವರ ಪಾಲಿಸಿಯಲ್ಲಿ ಓಪನ್ ಪೈಲಟ್ ಷರತ್ತು ಅಂತ ಒಂದಿರುತ್ತದೆ. ಒಟ್ಟು ಇಷ್ಟು ಗಂಟೆ, ಇದೇ ಮಾದರಿಯ ವಿಮಾನದಲ್ಲಿ ಇಷ್ಟು ಗಂಟೆ ಹಾರಿದ ಪೈಲಟ್ ಯಾರಾದರೂ ನಡೆಸಬಹುದು ಅಂತ ಅದರ ಅರ್ಥ. ನಿನ್ನ ಲಾಗ್‌ಬುಕ್ ಅದಕ್ಕೆ ಹೊಂದಬಹುದು. ಅಷ್ಟಕ್ಕೇ ಎಲ್ಲರೂ ನೆಮ್ಮದಿಯಾಗಿಬಿಡುತ್ತಾರೆ. ನೀನು ಹಾರಿಸಿದಾಗಲೂ ಮಾಲೀಕರ ವಿಮೆ ಕೆಡುವುದಿಲ್ಲ ಅನ್ನೋದಷ್ಟೇ ಆ ಷರತ್ತು ಹೇಳುವುದು. ಅಷ್ಟೇ ಅಲ್ಲ, ಅನುಮತಿ ಪಡೆದು ಹಾರಿಸುವವರಿಗೂ ರಕ್ಷಣೆ ಕೊಡುವ ಎಷ್ಟೋ ಪಾಲಿಸಿಗಳು, ಹಾರಾಟ ಕಲಿಸುವುದನ್ನೇ ವೃತ್ತಿ ಮಾಡಿಕೊಂಡವರನ್ನು ಆ ಸಾಲಿನಿಂದ ಹೊರಗಿಡುತ್ತವೆ. ಈ ವಾಕ್ಯ ಮೊದಲ ಪುಟದಲ್ಲಿ ಇರುವುದಿಲ್ಲ. ಒಳಗೆ, 'ಇನ್ಶೂರ್ಡ್ ಅಂದರೆ ಯಾರು' ಅನ್ನೋ ಭಾಗದಲ್ಲಿ ಹುಡುಕಬೇಕು.

ನಾನು ನೋಡಿದ ಒಂದು ಕ್ಲೇಮ್ ಹೇಳುತ್ತೇನೆ. ವಿದ್ಯಾರ್ಥಿ ಇಳಿಸುವಾಗ ವಿಮಾನ ಒಂದು ಸಲ ಪುಟಿಯಿತು. ಅವನು ಗಾಬರಿಯಲ್ಲಿ ಯೋಕ್, ಅಂದರೆ ವಿಮಾನದ ಸ್ಟಿಯರಿಂಗ್, ಮುಂದಕ್ಕೆ ಒತ್ತಿದ. ಮೂಗಿನ ಚಕ್ರವೇ ಮೊದಲು ನೆಲಕ್ಕೆ ಬಡಿದು ಮತ್ತೆ ಪುಟಿಯಿತು. ಮೂರನೇ ಸಲ ಆ ಚಕ್ರ ಮಡಚಿಕೊಂಡು ಪ್ರೊಪೆಲರ್ ರನ್‌ವೇಗೆ ತಾಗಿತು. ಯಾರಿಗೂ ಒಂದು ಗಾಯವೂ ಆಗಲಿಲ್ಲ. ಆದರೆ ತಿರುಗುವ ಪ್ರೊಪೆಲರ್ ಹೀಗೆ ಬಡಿದರೆ ಎಂಜಿನ್ ಬಿಚ್ಚಿ ನೋಡಲೇಬೇಕು. ಪ್ರೊಪೆಲರ್, ಎಂಜಿನ್, ಮೂಗಿನ ಚಕ್ರ, ಎಂಜಿನ್ ಹಿಂದಿನ ಬಗ್ಗಿದ ಫೈರ್‌ವಾಲ್ ತಗಡು, ಎಲ್ಲ ಸೇರಿ ದೊಡ್ಡ ಬಿಲ್ ಆಯಿತು. ವಿಮೆ ಕಂಪನಿ ಮಾಲೀಕನಿಗೆ ತಕರಾರಿಲ್ಲದೆ ಹಣ ಕೊಟ್ಟಿತು. ಸ್ವಲ್ಪ ದಿನ ಬಿಟ್ಟು ಅದೇ ಕಂಪನಿ ಇನ್‌ಸ್ಟ್ರಕ್ಟರ್‌ಗೆ ನೋಟಿಸ್ ಕಳಿಸಿತು: ಪಕ್ಕದಲ್ಲೇ ಇದ್ದೂ ಸಮಯಕ್ಕೆ ಕಂಟ್ರೋಲ್ ತೆಗೆದುಕೊಳ್ಳಲಿಲ್ಲ, ನಾವು ಕೊಟ್ಟ ಹಣ ನೀವು ತುಂಬಿಕೊಡಿ ಅಂತ. ಗಂಟೆಗಿಷ್ಟು ಅಂತ ಪಾಠ ಹೇಳಿ ಬದುಕುತ್ತಿದ್ದ ಹುಡುಗ ಅವನು. "ಓಪನ್ ಪೈಲಟ್ ಷರತ್ತಿಗೆ ನಾನು ಹೊಂದುತ್ತಿದ್ದೆನಲ್ಲ ಸರ್" ಅಂತ ನನ್ನನ್ನೇ ಕೇಳಿದ. ವಕೀಲರ ಫೀಸೂ ಅವನ ಕೈಯಿಂದಲೇ ಹೋಯಿತು. ಇವತ್ತಿಗೂ ಆ ಹುಡುಗನ ನೆನಪಾದರೆ ಸಂಕಟವಾಗುತ್ತದೆ.

ಹೀಗೆ ವಸೂಲಿಗೆ ಬರುವ ಹಕ್ಕಿಗೆ ಸಬ್ರೋಗೇಷನ್ ಅನ್ನುತ್ತಾರೆ. ಅದನ್ನು ತಡೆಯೋಕೆ ಡಾಕ್ಟರ ಪಾಲಿಸಿಯಲ್ಲಿ ನಿನ್ನ ಹೆಸರಿಗೆ ಎರಡು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ತಿದ್ದುಪಡಿ ಕಾಗದ, ಬೇಕು. ಅಡಿಷನಲ್ ಇನ್ಶೂರ್ಡ್ ಅಂತ ಸೇರಿಸಿದರೆ ನಿನ್ನಿಂದ ನಮಗೆ ನಷ್ಟವಾಯಿತು ಅಂತ ಬೇರೆಯವರು ಹಾಕುವ ಲಯಬಿಲಿಟಿ ಕೇಸಿಗೆ ರಕ್ಷಣೆ ಸಿಗುತ್ತದೆ. ವಿಮಾನಕ್ಕೆ ಆದ ಹಾನಿಯ ಹಣ ನಿನ್ನಿಂದ ಕೇಳುವುದಿಲ್ಲ ಅನ್ನೋದಕ್ಕೆ ವೇವರ್ ಆಫ್ ಸಬ್ರೋಗೇಷನ್ ಬೇಕು. ಒಂದಿದ್ದರೆ ಇನ್ನೊಂದೂ ಇದೆ ಅಂದುಕೊಳ್ಳಬೇಡ. ಬ್ರೋಕರ್ ಫೋನಿನಲ್ಲಿ "ಆಯ್ತು, ಸೇರಿಸಿದ್ದೀವಿ" ಅಂದರೆ ಸಾಲದು. ಕಾಗದ ಕೈಗೆ ಬರಲಿ.

ಇಷ್ಟಾದರೂ ಲಯಬಿಲಿಟಿಗೆ ಕಂಪನಿ ಹೆಚ್ಚೆಂದರೆ ಎಷ್ಟು ಕೊಡುತ್ತದೆ ಅಂತ ನೋಡು. ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ಘಟನೆಗೆ 10 ಲಕ್ಷ ಡಾಲರ್, ಆದರೆ ಒಬ್ಬ ಪ್ರಯಾಣಿಕನಿಗೆ 1 ಲಕ್ಷ ಡಾಲರ್ ಮಾತ್ರ ಅಂತ ಬರೆದಿರುತ್ತದೆ. ಪಕ್ಕದಲ್ಲಿ ಕಲಿಯುತ್ತಿರುವವನನ್ನೂ ಪ್ರಯಾಣಿಕ ಅಂತಲೇ ಲೆಕ್ಕ ಹಿಡಿಯುವ ಪಾಲಿಸಿಗಳಿವೆ. ಅಮೆರಿಕದ ಆಸ್ಪತ್ರೆ ಬಿಲ್ ನಿನಗೆ ಗೊತ್ತೇ ಇದೆ, 1 ಲಕ್ಷ ಯಾವ ಮೂಲೆಗೆ?

ಅದಕ್ಕೇ ನಿನ್ನದೇ ಒಂದು ಪಾಲಿಸಿ ಮಾಡಿಸು ಅಂತೀನಿ. ಬೇರೆಯವರ ವಿಮಾನ ಹಾರಿಸುವವರಿಗೆ ನಾನ್-ಓನ್ಡ್ ಪಾಲಿಸಿ ಸಿಗುತ್ತದೆ, ಇನ್‌ಸ್ಟ್ರಕ್ಟರ್‌ಗಳಿಗೇ ಅಂತ ಬೇರೆ ಇದೆ. ಕೊಳ್ಳುವಾಗ, ಎರವಲು ವಿಮಾನಕ್ಕಾಗುವ ಹಾನಿಯ ಭಾಗವನ್ನು ಬೇರೆಯಾಗಿ ಕೇಳಿ ಸೇರಿಸಿಕೋ. ಪ್ರೀಮಿಯಂ ಕಡಿಮೆ ಮಾಡೋಕೆ ಜಾಸ್ತಿ ಜನ ಕೈಬಿಡುವುದು ಅದನ್ನೇ. ಪಾಠ ಮುಗಿದ ಮೇಲಿನ ಮಾತನ್ನೂ ಕೇಳು. ವಿದ್ಯಾರ್ಥಿ ಒಬ್ಬನೇ ಹಾರುವ ಸೋಲೋಗೆ ನೀನು ಸಹಿ ಹಾಕಿದರೆ ಅದು 90 ದಿನ ನಡೆಯುತ್ತದೆ. ಆ ದಿನಗಳಲ್ಲಿ ಅವರು ಒಬ್ಬರೇ ಹೋಗಿ ಅಪಘಾತವಾದರೆ, ಮನೆಯವರ ವಕೀಲರು ಮೊದಲು ಹುಡುಕುವುದು ಸಹಿ ಹಾಕಿದವರನ್ನೇ. ಆಗಲೂ ನಿನ್ನ ಪಾಲಿಸಿ ನಿನ್ನನ್ನು ಕಾಯುತ್ತದಾ ಅಂತ ಕೇಳಿಕೋ. ಹೀಗೆ ಸಹಿ ಹಾಕಿದ ದಾಖಲೆಗಳನ್ನು 3 ವರ್ಷ ಇಡಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ. ನೀನು ಯಾವತ್ತೂ ಬಿಸಾಡಬೇಡ.

ಡಾಕ್ಟರು ಇನ್ನೂ ಸ್ಟೂಡೆಂಟ್ ಪೈಲಟ್. ನೀನು ಪಕ್ಕದಲ್ಲಿದ್ದರೆ ಪೈಲಟ್ ಇನ್ ಕಮಾಂಡ್, ಅಂದರೆ ಹಾರಾಟದ ಪೂರ್ತಿ ಹೊಣೆ ಹೊತ್ತವಳು, ನೀನೇ. ಹಾಗಾಗಿ ನಿನ್ನ ಮೆಡಿಕಲ್ ಸರ್ಟಿಫಿಕೇಟ್, 24 ತಿಂಗಳಿಗೊಮ್ಮೆ ಆಗಬೇಕಾದ ಫ್ಲೈಟ್ ರಿವ್ಯೂ ಅನ್ನೋ ಹಾರಾಟದ ಮರುಪರಿಶೀಲನೆ, ಯಾವುದರ ತಾರೀಖೂ ದಾಟಿರಬಾರದು. ವಿಮಾನದ ವಾರ್ಷಿಕ ತಪಾಸಣೆ ಆಗಿದೆಯಾ ಅಂತ ಲಾಗ್‌ಬುಕ್ ತೆಗೆದು ನೀನೇ ನೋಡು.

ಇನ್ನೊಂದು. ಅವರ ಪಾಲಿಸಿ ಸ್ವಂತ ಬಳಕೆಗೆ ಮಾತ್ರ ಇರುತ್ತದೆ. ಮಾಲೀಕರು ತಮ್ಮ ವಿಮಾನದಲ್ಲಿ ತಾವು ಕಲಿಯೋದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಅವರ ಹೆಸರು ಸ್ಟೂಡೆಂಟ್ ಪೈಲಟ್ ಅಂತ ಅದರಲ್ಲಿ ಇದ್ದರೆ ಆಯಿತು. ನಾಳೆ "ನನ್ನ ಭಾವಮೈದುನನೂ ಇದರಲ್ಲೇ ಕಲಿಯಲಿ, ಅವನು ವಿಮಾನಕ್ಕೆ ಗಂಟೆಗಿಷ್ಟು ಕೊಡುತ್ತಾನೆ" ಅಂದರೆ ಖಡಾಖಂಡಿತವಾಗಿ ಬೇಡ ಅನ್ನು. ಅದು ಬಾಡಿಗೆ ವ್ಯವಹಾರ. ಏನಾದರೂ ಆದರೆ ಕಂಪನಿ ಕೈ ಎತ್ತಿಬಿಡುತ್ತದೆ. ನೀನೇ ವಿಮಾನ ಕೊಂಡು ಕಲಿಸುವ ಆಸೆಯಿದೆ ಅಂತಲೂ ನಿನ್ನಮ್ಮ ಅಂದಳು. ಅದಕ್ಕೆ ಕಮರ್ಷಿಯಲ್ ಪಾಲಿಸಿ ಬೇಕು, ಪ್ರೀಮಿಯಂ ಬಹಳ ಜಾಸ್ತಿ. ಮೇಲೆ ಹಾರಾಟದ ಪ್ರತಿ 100 ಗಂಟೆಗೊಂದು ತಪಾಸಣೆ. ಸದ್ಯಕ್ಕೆ ಆತುರ ಬೇಡ.

ನಮ್ಮವರು, ಊಟಕ್ಕೆ ಕರೆಯೋರು, ಇಂಥವರ ಹತ್ತಿರ ಕಾಗದ ಕೇಳೋದು ಹೇಗೆ ಅಂತ ನಿನಗೆ ಸಂಕೋಚ ಇರುತ್ತದೆ. "ಡಾಕ್ಟ್ರೇ, ನಿಮ್ಮ ಬ್ರೋಕರ್‌ಗೆ ಒಂದು ಮೇಲ್ ಹಾಕಿ, ನನ್ನ ಹೆಸರಿಗೆ ಈ ಎರಡು ಎಂಡಾರ್ಸ್‌ಮೆಂಟ್ ಬೇಕು" ಅಂತ ನೇರವಾಗಿ ಹೇಳು. ಅದಕ್ಕೆ ಖರ್ಚು ಬಂದರೆ ಅರ್ಧ ನೀನು ಕೊಡು. ಕಂಪನಿ ವೇವರ್ ಕೊಡಲ್ಲ ಅಂದರೆ, ನಿನ್ನ ಪಾಲಿಸಿಯಲ್ಲಿ ಹಾನಿಯ ಮೊತ್ತ ಅವರ ವಿಮಾನದ ಬೆಲೆಗೆ ಸಮ ಬರುವವರೆಗೆ ಆ ವಿಮಾನ ಹತ್ತಬೇಡ.

ಅವರ ಪಾಲಿಸಿ ಸಿಕ್ಕಿದ ಕೂಡಲೇ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು. ಭಾನುವಾರ ಫೋನಿನಲ್ಲಿ ಕೂತು ಒಂದೊಂದೇ ಸಾಲು ಓದೋಣ.

ಆಶೀರ್ವಾದಗಳೊಂದಿಗೆ,
ನಿನ್ನ ಮಾವ