ಭಾನುವಾರದ ಸಭೆ: ಜೋನ್ ಕ್ಲಾರ್ಕ್ ಅವರ ಬದುಕು

ಎಲ್ಲ ಸದಸ್ಯರಿಗೂ ನಮಸ್ಕಾರ. ಬರುವ ಭಾನುವಾರ ಸಂಜೆ 6 ಗಂಟೆಗೆ ನಡೆಯುವ ನಮ್ಮ ಆನ್‌ಲೈನ್ ಸಭೆಯಲ್ಲಿ, ಎರಡನೇ ಮಹಾಯುದ್ಧದ ವೇಳೆ ಜರ್ಮನ್ ನೌಕಾಪಡೆಯು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಗೆ ಬದಲಿಸುತ್ತಿದ್ದ ಸಂದೇಶಗಳನ್ನು ಭೇದಿಸಿದವರಲ್ಲಿ ಒಬ್ಬರಾದ ಬ್ರಿಟಿಷ್ ಗಣಿತಜ್ಞೆ ಜೋನ್ ಕ್ಲಾರ್ಕ್ (1917–1996) ಅವರ ಕುರಿತು ಮಾತುಕತೆ ಇರುತ್ತದೆ.

1940ರಲ್ಲಿ ಬ್ರಿಟನ್ನಿನ ಗೂಢಲಿಪಿ ಭೇದಿಸುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕ್ ಸೇರಿದ ಅವರು, ಸಂದೇಶದ ಅಕ್ಷರಗಳಿಗೆ ತಕ್ಕಂತೆ ತೂತು ಹೊಡೆದ ಉದ್ದನೆಯ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಸ್ವಲ್ಪ ಸ್ವಲ್ಪವೇ ಸರಿಸುತ್ತ, ಎಲ್ಲೆಲ್ಲಿ ತೂತುಗಳು ಒಂದಕ್ಕೊಂದು ಕೂಡುತ್ತವೆಂದು ಎಣಿಸಿ, ಯಂತ್ರದ ಜೋಡಣೆಯ ಸುಳಿವು ಹುಡುಕುವ ವಿಧಾನದಲ್ಲಿ ಪಳಗಿದ್ದರು. ಸಂಬಳ ಹೆಚ್ಚಿಸಲು ಬೇರೆ ದಾರಿಯಿಲ್ಲದೆ ಅವರಿಗೆ ‘ಭಾಷಾತಜ್ಞೆ’ ದರ್ಜೆ ಕೊಡಲಾಯಿತು. ಬಲ್ಲ ಪರಭಾಷೆ ಒಂದೂ ಇರಲಿಲ್ಲ! 1944ರಲ್ಲಿ ಅವರು, ಈ ನೌಕಾ ಸಂದೇಶಗಳನ್ನು ಭೇದಿಸುತ್ತಿದ್ದ ‘ಹಟ್ 8’ ವಿಭಾಗದ ಉಪಮುಖ್ಯಸ್ಥೆಯಾದರು.

ಹಾಜರಾಗುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ತಿಳಿಸಬೇಕು. ಲಿಂಕನ್ನು ಸಭೆಗೆ ಅರ್ಧ ಗಂಟೆ ಮೊದಲು ಹಾಕಲಾಗುವುದು. ಹಾಳೆ ಸರಿಸುವ ವಿಧಾನವನ್ನು ಮಾಡಿ ನೋಡಲಿರುವುದರಿಂದ ಎರಡು ಗ್ರಾಫ್ ಹಾಳೆ ಹಾಗೂ ತೂತು ಹೊಡೆಯಲು ದಬ್ಬಣವನ್ನೋ ಪಂಚಿಂಗ್ ಮೆಷಿನ್ನನ್ನೋ ಇಟ್ಟುಕೊಳ್ಳಿ. ಸಹೋದ್ಯೋಗಿ ಗಣಿತಜ್ಞ ಅಲನ್ ಟ್ಯೂರಿಂಗ್ ಅವರೊಂದಿಗಿನ, ಬೇಗನೆ ಮುರಿದುಬಿದ್ದ ನಿಶ್ಚಿತಾರ್ಥದ ಸುದ್ದಿಯಲ್ಲೇ ಹೊತ್ತು ಕಳೆಯದೆ, ಕ್ಲಾರ್ಕ್ ಅವರ ಕೆಲಸದ ಬಗ್ಗೆ ಪ್ರಶ್ನೆಗಳನ್ನು ಮೊದಲೇ ಕಳುಹಿಸಿದರೆ ಉಪಕಾರವಾಗುತ್ತದೆ.